ವಿಜ್ಞಾನಕ್ಕೆ ಕನ್ನಡದ ದನಿ

ವಿಜ್ಞಾನ ಓದಿದರೆ ಎಂಜಿನಿಯರ್, ಕನ್ನಡ ಓದಿದರೆ ಮೇಷ್ಟ್ರು. ಬೀದರ್ ಜಿಲ್ಲೆಯ ಡಾಬಕಾ ಇರಲಿ, ಬೆಂಗಳೂರಿರಲಿ, ಅನೇಕ ಪಾಲಕರ ಲೆಕ್ಕ ಇಷ್ಟೇ. ಎರಡನ್ನೂ ಬಲ್ಲವರಿಗೆ ಇನ್ನೊಂದು ದಾರಿಯಿದೆ. ಅದು ತಂತ್ರಜ್ಞಾನ ಪತ್ರಿಕೋದ್ಯಮ.

ಡಾ. ಯು.ಬಿ. ಪವನಜ ಅವರನ್ನೇ ನೋಡಿ. ಓದಿದ್ದು ರಸಾಯನ ವಿಜ್ಞಾನ. ವಿಜ್ಞಾನಿಯಾಗಿದ್ದುದು ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ. 1996ರಲ್ಲಿ ಅಂತರಜಾಲದಲ್ಲಿ ‘ವಿಶ್ವಕನ್ನಡ’ ಪತ್ರಿಕೆ ಆರಂಭಿಸಿದರು. ಬಳಿಕ ಭದ್ರವಾದ ಸರ್ಕಾರಿ ನೌಕರಿ ಬಿಟ್ಟು, ಬೆಂಗಳೂರಿಗೆ ಬಂದು, ಗಣಕದಲ್ಲಿ ಕನ್ನಡ ಬೆಳೆಸುವ ಕೆಲಸಕ್ಕೆ ನಿಂತರು. ದಿನಪತ್ರಿಕೆಯಲ್ಲಿ ಬಂದ ಅವರ ‘ಗ್ಯಾಜೆಟ್ ಲೋಕ’ ಅಂಕಣ ಮೊಬೈಲು, ಕ್ಯಾಮೆರಾಗಳ ಗುಣದೋಷಗಳನ್ನು ಓದುಗರಿಗೆ ಬಿಡಿಸಿ ಹೇಳಿತು. ಸಾಧನದಲ್ಲಿ ಕನ್ನಡದ ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂಬುದೂ ಅಲ್ಲೊಂದು ಪರೀಕ್ಷೆ.

ಈಗ ಬರಹದ ಜತೆ ಧ್ವನಿಯೂ ಸೇರಿದೆ. ಪಾಡ್‌ಕಾಸ್ಟ್ ಎಂದರೆ ಬೇಕೆಂದಾಗ ಕೇಳುವ ರೇಡಿಯೊ ಇದ್ದಂತೆ. ಪವನ್ ಶ್ರೀನಾಥ್ ಮತ್ತು ಗೆಳೆಯರ ‘ತಲೆ-ಹರಟೆ’ ಕನ್ನಡದಲ್ಲಿ ಇದಕ್ಕೊಂದು ಮಾದರಿ.

ಆರಂಭದಲ್ಲಿ ಗಳಿಕೆ ಕಡಿಮೆ. ಆದ್ದರಿಂದ ವಿದ್ಯಾರ್ಥಿಗಳು ಮೊದಲು ಒಂದು ವಿಷಯವನ್ನು ಗಟ್ಟಿಯಾಗಿ ಓದಿ ಪದವಿ ಪಡೆಯಲಿ. ಜತೆಜತೆಗೇ ವಾರಕ್ಕೊಂದು ಪುಟ ಬರೆದು, ಮನೆಯವರಿಗೆ ಓದಿ ಹೇಳಲಿ. ಅಜ್ಜಿಗೆ ಅರ್ಥವಾದರೆ ಅರ್ಧ ಕೆಲಸ ಕಲಿತಂತೆ. ಪಾಲಕರು ಕೂತು ಕೇಳಬೇಕು, ಅಷ್ಟೇ.