ಹಿಂಬಾಲಕರಿಗಿಂತ ಮೊದಲು ಚಂದಾದಾರರಿದ್ದರು

ಫಾಲೋವರ್ಸ್ ಕೂಡಿಸುವ ವಿದ್ಯೆಯನ್ನು ಇಂದಿನ ಹುಡುಗರು ಮೊಬೈಲಿನಲ್ಲಿ ಹುಡುಕುತ್ತಾರೆ. ಅದೇ ಕೆಲಸವನ್ನು ಅಂಚೆಯವನನ್ನು ನಂಬಿ ಮಾಡಿ ತೋರಿಸಿದ ಊರು ಧಾರವಾಡ.

ಹುಬ್ಬಳ್ಳಿ–ಧಾರವಾಡದ ಎಷ್ಟೋ ಹುಡುಗ ಹುಡುಗಿಯರು ಈಗ ಮೊಬೈಲ್ ಮುಂದೆ ನಿಂತು ತಮ್ಮದೇ ಮಾತಿನಲ್ಲಿ ರೀಲ್ಸ್ ಮಾಡುತ್ತಾರೆ. ಒಬ್ಬಾಕೆ ಜೋಳದ ರೊಟ್ಟಿ ಬಡಿಯುವುದನ್ನು ತೋರಿಸುತ್ತಾಳೆ, ಇನ್ನೊಬ್ಬ ಹೊಲದಲ್ಲಿ ನಿಂತು ಕಡಲೆ ಬೆಳೆಯ ಸುದ್ದಿ ಹೇಳುತ್ತಾನೆ, ಮತ್ತೊಬ್ಬ ಅತ್ತೆ–ಸೊಸೆ ಜಗಳ ಆಡಿ ನಗಿಸುತ್ತಾನೆ. ಪುಸ್ತಕದ ಕನ್ನಡಕ್ಕೆ ಹೆದರದೆ, ಮನೆಯ ಮಾತಿನಲ್ಲೇ ಜಗತ್ತಿನ ಎದುರು ನಿಂತ ಈ ಮಕ್ಕಳ ಬಗ್ಗೆ ನನಗೆ ಅಭಿಮಾನವಿದೆ. ಅವರೆಲ್ಲರ ಬಾಯಲ್ಲಿ ಇರುವ ಪ್ರಶ್ನೆ ಮಾತ್ರ ಒಂದೇ: ‘ಫಾಲೋವರ್ಸ್ ಹೆಚ್ಚಾಗೋದು ಹ್ಯಾಂಗ್ರೀ?’

ಈ ಪ್ರಶ್ನೆ ಧಾರವಾಡಕ್ಕೆ ಹೊಸದಲ್ಲ. ಬರೆಯುವವರು ಇದ್ದು ಓದುವವರು ಇಲ್ಲದ ಕಾಲದಲ್ಲಿ, ಒಬ್ಬೊಬ್ಬ ಓದುಗನನ್ನೂ ಹುಡುಕಿ, ಹೆಸರು ವಿಳಾಸ ಬರೆದುಕೊಂಡು, ವರ್ಷಗಟ್ಟಲೆ ಜೊತೆಗಿಟ್ಟುಕೊಂಡ ಚರಿತ್ರೆ ಈ ಊರಿಗಿದೆ. ಅದು ನಡೆದ ಬಗೆಯನ್ನು ತಿಳಿದರೆ ಇಂದಿನ ಪ್ರಶ್ನೆಗೂ ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ತಲೆಯ ಮೇಲೆ ಪುಸ್ತಕದ ಗಂಟು

19ನೇ ಶತಮಾನದ ಕೊನೆಯಲ್ಲಿ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿ, ಶಾಲೆಯಲ್ಲಿ, ಓದು ಬಲ್ಲವರ ಮನೆಯಲ್ಲಿ ಮರಾಠಿಯದೇ ಮೇಲುಗೈ. ಅಂಥ ಹೊತ್ತಿನಲ್ಲಿ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆ ಮತ್ತು ಅವರ ಸಂಗಡಿಗರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಒಳ್ಳೆಯ ಕನ್ನಡ ಪುಸ್ತಕಗಳನ್ನು ಬರೆಯಿಸುವುದು, ಬರೆದವರಿಗೆ ಬಹುಮಾನ ಕೊಡುವುದು ಸಂಘದ ಕೆಲಸವಾಯಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಟಿತು.

ಬರೆಯಿಸಿದ್ದಾಯಿತು, ಓದಿಸುವುದು ಹೇಗೆ? ಇದಕ್ಕೆ ಮೈಮುರಿದು ಉತ್ತರ ಕೊಟ್ಟವರು ಗಳಗನಾಥರು. ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರು. ಐತಿಹಾಸಿಕ ಕಾದಂಬರಿಗಳನ್ನು ಬರೆದರು, 20ನೇ ಶತಮಾನದ ಮೊದಲ ದಶಕದಲ್ಲಿ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಡಿಸಿದರು. ಅಚ್ಚಾದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವ ರೂಢಿಯೇ ಇಲ್ಲದ ಮನೆಗಳ ಕಟ್ಟೆಯ ಮೇಲೆ ಕುಳಿತು ಕತೆಯ ರುಚಿ ಹತ್ತಿಸಿದ ತಲೆಮಾರು ಅದು. ಓದುಗ ತಾನಾಗಿ ಬರುತ್ತಾನೆ ಎಂದು ಅವರು ಕಾಯಲಿಲ್ಲ, ಅವನಿರುವಲ್ಲಿಗೆ ತಾವೇ ನಡೆದು ಹೋದರು. ಉತ್ತರ ಕರ್ನಾಟಕದ ಕನ್ನಡ ಓದುಗ ಬಳಗಕ್ಕೆ ಬುನಾದಿ ಬಿದ್ದದ್ದು ಹೀಗೆ.

ಏಳು ವರ್ಷದ ತಯಾರಿ, ಒಂದು ಸಂಜೆಯ ಹೆಸರು

ಮುಂದಿನ ಹೆಜ್ಜೆ ಇಟ್ಟವರು ದ.ರಾ. ಬೇಂದ್ರೆ. 1922ರ ಹೊತ್ತಿಗೆ ಅವರ ಸುತ್ತ ‘ಗೆಳೆಯರ ಗುಂಪು’ ಕೂಡಿತು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ಎನ್ಕೆ ಕುಲಕರ್ಣಿ, ವಯಸ್ಸಿನಲ್ಲಿ ತೀರ ಕಿರಿಯರಾಗಿದ್ದ ವಿ.ಕೃ. ಗೋಕಾಕ ಮೊದಲಾದವರೆಲ್ಲ ಕಾಲಕಾಲಕ್ಕೆ ಸೇರಿದ ಗುಂಪು ಇದು. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ತೋರಿಸುವುದು, ಕೇಳಿದವರು ಮುಲಾಜಿಲ್ಲದೆ ಅನಿಸಿದ್ದನ್ನು ಹೇಳುವುದು, ಸಾಲದ್ದಕ್ಕೆ ವಾದ ಮಾಡುವುದು ಅಲ್ಲಿನ ಪದ್ಧತಿ. 1926ರಿಂದ ದಸರೆಯ ದಿನಗಳಲ್ಲಿ ನಾಡಹಬ್ಬ ಶುರುಮಾಡಿ, ಗುಂಪಿನೊಳಗಿನ ಮಾತನ್ನು ಊರಿನ ಮಂದಿಯ ನಡುವೆ ತಂದರು.

1929ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಾಸ್ತಿ ಅಧ್ಯಕ್ಷರು. ಅಲ್ಲಿ ಬೇಂದ್ರೆ ‘ಹಕ್ಕಿ ಹಾರುತಿದೆ’ ಕವಿತೆಯನ್ನು ವಾಚಿಸಿದರು. ಸಭೆ ಮರುಳಾಯಿತು, ಬೇಂದ್ರೆಯವರ ಹೆಸರು ನಾಡೆಲ್ಲ ಹಬ್ಬಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕವಿತೆ ವೈರಲ್ ಆಯಿತು. ಆ ಸಂಜೆಯನ್ನು ಎಲ್ಲರೂ ನೆನೆಯುತ್ತಾರೆ, ಅದರ ಹಿಂದಿನ ಏಳು ವರ್ಷಗಳನ್ನು ನೆನೆಯುವವರು ಕಡಿಮೆ. ಬೇಂದ್ರೆ ಬೆಳಗಾವಿಯ ವೇದಿಕೆ ಹತ್ತುವ ಮೊದಲು ಧಾರವಾಡದಲ್ಲಿ ಗೆಳೆಯರ ಕಿವಿಗೆ ನೂರಾರು ಸಲ ತಮ್ಮ ಸಾಲುಗಳನ್ನು ಒಡ್ಡಿದ್ದರು. ಎಲ್ಲಿ ಕೇಳುವವ ಮೈಮರೆಯುತ್ತಾನೆ, ಎಲ್ಲಿ ಆಕಳಿಸುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಸಾವಿರ ಮಂದಿಯ ಎದುರು ನಿಲ್ಲುವ ಧೈರ್ಯ ಹತ್ತು ಮಂದಿಯ ನಡುವೆ ಬೆಳೆಯಿತು. ಈ ಚಿಕ್ಕ ಗುಂಪಿಗೆ ಮುಂದೆ ಎರಡು ಜ್ಞಾನಪೀಠ ಬಂದವು: 1973ರಲ್ಲಿ ಬೇಂದ್ರೆಯವರಿಗೆ, 1990ರಲ್ಲಿ ಗೋಕಾಕರಿಗೆ.

ಸುಭಾಸ ರಸ್ತೆಯ ಅಟ್ಟ

ಓದುಗರ ಬಳಗ ಕಟ್ಟುವುದನ್ನೇ ಬದುಕಿನ ಕಸುಬು ಮಾಡಿಕೊಂಡವರು ಇದೇ ವಲಯದಿಂದ ಬಂದ ಜಿ.ಬಿ. ಜೋಶಿ. 1904ರಲ್ಲಿ ಗದಗ ಹತ್ತಿರದ ಹೊಂಬಳದಲ್ಲಿ ಹುಟ್ಟಿದ ಇವರು ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಸುಭಾಸ ರಸ್ತೆಯ ಲಕ್ಷ್ಮೀ ಭವನದಲ್ಲಿ ಅದರ ಕಚೇರಿ. ಸಾಹಿತ್ಯ ಲೋಕಕ್ಕೆ ಅದು ‘ಅಟ್ಟ’ ಎಂದೇ ಪರಿಚಿತ.

ಗ್ರಂಥಮಾಲೆಯ ವ್ಯವಸ್ಥೆ ಸರಳವಾಗಿತ್ತು. ಓದುಗ ವರ್ಷಕ್ಕಿಷ್ಟು ಎಂದು ಚಂದಾ ಕೊಡಬೇಕು, ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಅಮೆರಿಕದಲ್ಲಿ 1926ರಲ್ಲಿ ‘ಬುಕ್ ಆಫ್ ದ ಮಂತ್ ಕ್ಲಬ್’ ಹುಟ್ಟಿತ್ತು, ಇಂಗ್ಲೆಂಡಿನಲ್ಲಿ ವಿಕ್ಟರ್ ಗೊಲಾಂಜ್ ‘ಲೆಫ್ಟ್ ಬುಕ್ ಕ್ಲಬ್’ ಶುರುಮಾಡಿದ್ದು 1936ರಲ್ಲಿ. ನಡುವೆ ಇದೆ ನಮ್ಮ ಧಾರವಾಡದ ಪ್ರಯೋಗ. ಆ ದೇಶಗಳಲ್ಲಿ ಓದಬಲ್ಲವರು ಲಕ್ಷಗಟ್ಟಲೆ ಇದ್ದರು. ಇಲ್ಲಿ ಅಕ್ಷರ ಬಲ್ಲವರೇ ವಿರಳ, ಅವರಲ್ಲೂ ದುಡ್ಡು ಕೊಟ್ಟು ಕನ್ನಡ ಪುಸ್ತಕ ಕೊಳ್ಳುವವರು ಇನ್ನೂ ವಿರಳ. ಹಾಗಾಗಿ ಜೋಶಿಯವರು ಊರೂರು ತಿರುಗಿ ಚಂದಾದಾರರನ್ನು ಮಾಡಬೇಕಾಯಿತು. ಮಾಸ್ತರರು, ವಕೀಲರು, ಗುಮಾಸ್ತರು, ಅಂಗಡಿಕಾರರು, ಹೀಗೆ ಒಬ್ಬೊಬ್ಬರ ಎದುರು ಕುಳಿತು ಮಾತಾಡಿ ಗಳಿಸಿದ ವಿಶ್ವಾಸ ಅದು.

ಚಂದಾ ಎಂದರೆ ಮುಂಗಡ ಕೊಟ್ಟ ನಂಬಿಕೆ. ವರ್ಷದಲ್ಲಿ ಯಾವ ಪುಸ್ತಕ ಬರುತ್ತದೆ, ಯಾರು ಬರೆದಿರುತ್ತಾರೆ ಎಂಬುದು ದುಡ್ಡು ಕೊಡುವಾಗ ಓದುಗನಿಗೆ ಪೂರ್ತಿ ಗೊತ್ತಿರುವುದಿಲ್ಲ. ಜೋಶಿಯವರು ಆರಿಸಿದ್ದಾರೆ ಎಂದರೆ ಓದಬಹುದು ಎಂಬ ಧೈರ್ಯವೇ ಆಧಾರ. ಆ ಧೈರ್ಯ ಉಳಿಯಬೇಕಾದರೆ ಪುಸ್ತಕ ಹೇಳಿದ ಹೊತ್ತಿಗೆ ತಲುಪಬೇಕು, ಓದಿದವನಿಗೆ ಮೋಸ ಹೋದೆ ಅನಿಸಬಾರದು. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷದ ಚಂದಾ ಬರುವುದಿಲ್ಲ. ಓದುಗನ ತೀರ್ಪು ಪ್ರತಿ ವರ್ಷವೂ ಬರುತ್ತಿತ್ತು, ಅದೂ ಅವನ ಜೇಬಿನಿಂದ.

ಈ ನಂಬಿಕೆಯನ್ನು ಜೋಶಿಯವರು ಯಾವುದಕ್ಕೆ ಖರ್ಚು ಮಾಡಿದರು ಎಂಬುದೇ ಈ ಕತೆಯ ದೊಡ್ಡ ಭಾಗ. ಹೆಸರಾದವರ ಪುಸ್ತಕಗಳನ್ನಷ್ಟೇ ಹಾಕಿ ಸುಖವಾಗಿರಬಹುದಿತ್ತು. ಅವರು ಹೊಸಬರನ್ನು ಹುಡುಕಿದರು. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ ಹುಡುಗನೊಬ್ಬ ಬರೆದ ಮೊದಲ ನಾಟಕ ಅಟ್ಟಕ್ಕೆ ಬಂತು. ಹುಡುಗನ ಹೆಸರು ಗಿರೀಶ ಕಾರ್ನಾಡ, ನಾಟಕ ‘ಯಯಾತಿ’. 1961ರಲ್ಲಿ ಗ್ರಂಥಮಾಲೆ ಅದನ್ನು ಪ್ರಕಟಿಸಿದಾಗ ಕಾರ್ನಾಡರಿಗೆ 23 ವರ್ಷ. 1964ರಲ್ಲಿ ‘ತುಘಲಕ್’ ಬಂತು. 1969ರಲ್ಲಿ ದೂರದ ಶಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಕವನ ಸಂಕಲನ ಬಂತು. ತಾನಾಗಿ ಒಬ್ಬ ಓದುಗನನ್ನೂ ಕೂಡಿಸಿರದ ಹುಡುಗನೊಬ್ಬನ ನಾಟಕ, ಜೋಶಿಯವರ ಮೇಲಿನ ವಿಶ್ವಾಸದಿಂದ, ಊರೂರ ಚಂದಾದಾರರ ಮನೆ ಸೇರಿತು. ಹಿರಿಯರು ಗಳಿಸಿದ ಬಳಗ ಕಿರಿಯರಿಗೆ ಸಿಕ್ಕಿತು.

ಈ ಆಯ್ಕೆಗಳ ಹಿಂದೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಕಣ್ಣಿತ್ತು. ಗ್ರಂಥಮಾಲೆಯ ಬೆಳ್ಳಿಹಬ್ಬದ ನೆನಪಿಗೆ ಹೊರಬಂದ ‘ನಡೆದು ಬಂದ ದಾರಿ’ ಸಂಪುಟಗಳಿಗಾಗಿ ಅವರು ಬರೆದದ್ದೇ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’. ಒಂದು ಪ್ರಕಾಶನ ತನ್ನ ಹಬ್ಬಕ್ಕೆ ತನ್ನನ್ನೇ ಹೊಗಳಿಸಿಕೊಳ್ಳದೆ ಇಡೀ ಕನ್ನಡ ಸಾಹಿತ್ಯದ ಹೆಜ್ಜೆಗಳನ್ನು ಅಳೆಯಿಸಿತು. ಓದುಗನನ್ನು ಬುದ್ಧಿವಂತನೆಂದು ಗೌರವಿಸುವವರು ಮಾತ್ರ ಹಾಗೆ ಮಾಡಬಲ್ಲರು.

ಇತ್ತ ಹುಬ್ಬಳ್ಳಿಯಲ್ಲೂ ಇದೇ ಕೆಲಸ ಬೇರೆ ಬಗೆಯಲ್ಲಿ ನಡೆದಿತ್ತು. 1954ರಲ್ಲಿ ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ ವಾರಪತ್ರಿಕೆ, 1956ರಲ್ಲಿ ‘ಕಸ್ತೂರಿ’ ಮಾಸಪತ್ರಿಕೆ ಹೊರಟವು. ಪಾ.ವೆಂ. ಆಚಾರ್ಯರು ಬಹುಕಾಲ ಸಂಪಾದಿಸಿದ ‘ಕಸ್ತೂರಿ’ ವಿಜ್ಞಾನದಿಂದ ಹಾಸ್ಯದವರೆಗೆ ಎಲ್ಲವನ್ನೂ ಮನೆಮಂದಿಗೆಲ್ಲ ಬಡಿಸಿತು.

ಪಟ್ಟಿ ಯಾರ ಕೈಯಲ್ಲಿದೆ?

ಈಗ ಇಂದಿನ ಮೊಬೈಲಿಗೆ ಬರೋಣ. ಅಂಚೆಯವನು ಚಂದಾದಾರರಲ್ಲಿ ಯಾರಿಗೆ ಪುಸ್ತಕ ಕೊಡಬೇಕು, ಯಾರಿಗೆ ಬೇಡ ಎಂದು ತಾನು ತೀರ್ಮಾನಿಸುತ್ತಿರಲಿಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನ ಅಲ್ಗಾರಿದಮ್ ಅದನ್ನೇ ಮಾಡುತ್ತದೆ. ಹತ್ತು ಸಾವಿರ ಫಾಲೋವರ್ಸ್ ಇದ್ದರೂ ಹಾಕಿದ್ದೆಲ್ಲ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಚಂದಾದಾರರ ವಿಳಾಸದ ವಹಿ ಪ್ರಕಾಶಕರ ಕಪಾಟಿನಲ್ಲಿರುತ್ತಿತ್ತು, ಫಾಲೋವರ್ಸ್ ಪಟ್ಟಿ ಇರುವುದು ಕಂಪನಿಯ ಕೈಯಲ್ಲಿ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ಮಂದಿ ಕೂಡಿಸಿದ್ದವರ ಕೈ ಒಮ್ಮೆಲೇ ಬರಿದಾಯಿತು. ತಮ್ಮ ನೋಡುಗರನ್ನು ಹೆಸರಿನಿಂದ ಬಲ್ಲವರು, ಅವರೊಡನೆ ಬೇರೆ ದಾರಿಯಲ್ಲೂ ಮಾತುಕತೆ ಇಟ್ಟುಕೊಂಡವರು ಮತ್ತೆ ಎದ್ದು ನಿಂತರು. ಬರೀ ಸಂಖ್ಯೆಯನ್ನು ನಂಬಿದವರು ಮೊದಲಿನಿಂದ ಶುರುಮಾಡಬೇಕಾಯಿತು.

ಸಂಖ್ಯೆ ಎಷ್ಟು ಟೊಳ್ಳಾಗಬಹುದು ಎಂಬುದನ್ನು 2018ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಡೆವುಮಿ ಎಂಬ ಅಮೆರಿಕದ ಕಂಪನಿ ಟ್ವಿಟರ್ ಗಿರಾಕಿಗಳಿಗೆ 20 ಕೋಟಿಯಷ್ಟು ಹಿಂಬಾಲಕರನ್ನು ದುಡ್ಡಿಗೆ ಒದಗಿಸಿತ್ತು. ಅದಕ್ಕೆ ಬಳಸಿದ್ದು ಯಂತ್ರ ನಡೆಸುವ ಖಾತೆಗಳನ್ನು. ಕೊಂಡವರಲ್ಲಿ ಹೆಸರುವಾಸಿಗಳೂ ಇದ್ದರು. ಯಂತ್ರದ ಹಿಂಬಾಲಕ ಕವಿತೆಗೆ ತಲೆದೂಗುವುದಿಲ್ಲ, ಮುಂದಿನ ವರ್ಷದ ಚಂದಾ ಕಳಿಸುವುದಿಲ್ಲ.

ಅಮೆರಿಕದ ಲೇಖಕ ಕೆವಿನ್ ಕೆಲ್ಲಿ 2008ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಕಲಾವಿದನಿಗೆ ಲಕ್ಷಗಟ್ಟಲೆ ಮಂದಿ ಬೇಕಿಲ್ಲ, ಅವನು ಮಾಡಿದ್ದೆಲ್ಲವನ್ನೂ ಕೊಳ್ಳುವ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಬದುಕು ನಡೆಯುತ್ತದೆ ಎಂದರು. ಜಗತ್ತು ಇದನ್ನು ಹೊಸ ವಿಚಾರವೆಂದು ಮೆಚ್ಚಿತು. ಸುಭಾಸ ರಸ್ತೆಯ ಅಟ್ಟ 75 ವರ್ಷ ಮೊದಲೇ ಇಂಥ ನೆಚ್ಚಿನ ಓದುಗರನ್ನು ನೆಚ್ಚಿಕೊಂಡು ಹೊರಟಿತ್ತು.

ಇಂದಿನ ಹುಡುಗರಿಗೆ

ಹಾಗಾದರೆ ಮೊಬೈಲ್ ಹಿಡಿದ ತಮ್ಮ ತಂಗಿಯರು ಏನು ಮಾಡಬೇಕು? ಗಳಗನಾಥರ ದಾರಿ ಹಿಡಿದು, ನಿಮ್ಮ ಮಾತು ಯಾರಿಗೆ ಬೇಕೋ ಅವರಿರುವಲ್ಲಿಗೆ ಹೋಗಿ. ಕೃಷಿಯ ಬಗ್ಗೆ ಹೇಳುವವರು ಕೃಷಿ ಮೇಳದಲ್ಲಿ ರೈತರ ನಡುವೆ ನಿಂತು ಅವರ ತೊಂದರೆ ಕೇಳಿ ಬಂದರೆ, ಮುಂದಿನ ಹತ್ತು ವಿಡಿಯೊಗಳಿಗೆ ವಿಷಯ ಅಲ್ಲೇ ಸಿಗುತ್ತದೆ. ಬೇಂದ್ರೆಯವರಂತೆ ನಿಮಗೂ ಒಂದು ಚಿಕ್ಕ ಗುಂಪು ಇರಲಿ. ಹಾಕುವ ಮೊದಲು ನೋಡಿ, ‘ಇದು ಛಲೋ ಆಗಿಲ್ಲ’ ಎಂದು ಹೇಳಬಲ್ಲ ನಾಲ್ವರು ಗೆಳೆಯರು ನೂರು ಲೈಕಿಗಿಂತ ಹೆಚ್ಚು ಕಲಿಸುತ್ತಾರೆ. ವಾರಕ್ಕೊಂದು ಎಂದು ಮಾತು ಕೊಟ್ಟರೆ ವಾರಕ್ಕೊಂದು ಹಾಕಿ, ದಿನಕ್ಕೆ ಮೂರು ಹಾಕಿ ತಿಂಗಳೊಳಗೆ ದಣಿದು ಕೂಡುವುದು ಬೇಡ. ಯಾರಾದರೂ ಕಾಮೆಂಟಿನಲ್ಲಿ ಪ್ರಶ್ನೆ ಕೇಳಿದರೆ ಹೃದಯದ ಚಿಹ್ನೆ ಒತ್ತಿ ಮುಗಿಸದೆ, ಕುಳಿತು ಉತ್ತರ ಬರೆಯಿರಿ. ಮತ್ತೆ ಮತ್ತೆ ಬರುವವರ ಹೆಸರು ನೆನಪಿಡಿ, ಅವರನ್ನು ವಾಟ್ಸ್ಆ್ಯಪ್ ಗುಂಪಿನಲ್ಲೋ ಊರಿನ ಸಭೆಯಲ್ಲೋ ಭೇಟಿಯಾಗಿ. ಆಗ ಕಂಪನಿ ತನ್ನ ನಿಯಮ ಬದಲಿಸಿದರೂ ನಿಮ್ಮ ಮಂದಿ ನಿಮ್ಮ ಜೊತೆಗಿರುತ್ತಾರೆ.

ಕೊನೆಯ ಪಾಠ ಜಿ.ಬಿ. ಜೋಶಿಯವರದು, ಎಲ್ಲಕ್ಕಿಂತ ಕಷ್ಟದ್ದೂ ಹೌದು. ನಿಮ್ಮ ಬಳಗ ಬೆಳೆದ ಮೇಲೆ ಅದರ ಮುಂದೆ ಹೊಸಬರನ್ನು ನಿಲ್ಲಿಸಿ. ಹಳ್ಳಿಯಲ್ಲಿ ಒಳ್ಳೆಯ ಪದ ಹಾಡುವ ಅಜ್ಜಿ, ಮೊದಲ ಕತೆ ಬರೆದ ಕಾಲೇಜು ಹುಡುಗಿ, ನಿಮ್ಮಷ್ಟೇ ಚೆನ್ನಾಗಿ ಮಾಡುತ್ತಿದ್ದರೂ ಯಾರ ಕಣ್ಣಿಗೂ ಬೀಳದ ನಿಮ್ಮದೇ ಓಣಿಯ ಹುಡುಗ, ಇವರನ್ನು ನಿಮ್ಮ ನೋಡುಗರಿಗೆ ಪರಿಚಯಿಸಿ. ಹಂಚಿಕೊಂಡರೆ ಬಳಗ ಕರಗುತ್ತದೆ ಎಂಬ ಅಂಜಿಕೆಗೆ ಧಾರವಾಡದ ಚರಿತ್ರೆಯಲ್ಲಿ ಆಧಾರವಿಲ್ಲ. ಅಟ್ಟವನ್ನು ನಾಡು ಇಂದಿಗೂ ನೆನೆಯುವುದು ಅದು ಎಷ್ಟು ಚಂದಾದಾರರನ್ನು ಮಾಡಿತು ಎಂಬುದಕ್ಕಲ್ಲ, ಆ ಚಂದಾದಾರರ ಕೈಗೆ ಯಾರ್ಯಾರನ್ನು ಕೊಟ್ಟಿತು ಎಂಬುದಕ್ಕೆ.