ಗಂಟಲು ಬೇನೆ: ಮದ್ದಿಗೆ ಮುನ್ನ ರೋಗಾಣು ತಿಳಿಯಲಿ

ಚಳಿಗಾಲ ಕಾಲಿಟ್ಟರೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಔಷಧಿ ಅಂಗಡಿಗಳ ಮುಂದೆ ಗಂಟಲು ನೋವಿನವರು ಹೆಚ್ಚುತ್ತಾರೆ. ವೈದ್ಯರ ಚೀಟಿ ಇಲ್ಲದೆಯೇ 3 ದಿನಗಳ ಅಜಿತ್ರೊಮೈಸಿನ್ ಕೊಂಡೊಯ್ಯುವವರುಂಟು. ನೋವು ಇಳಿಯುತ್ತದೆ, ಕೆಲವರಿಗೆ ತಿಂಗಳೊಳಗೆ ಮರಳುತ್ತದೆ. ಈ ಮಾತ್ರೆಯ ಶಕ್ತಿ ಸಾಲದು, ಇನ್ನೂ ಪ್ರಬಲವಾದುದು ಬೇಕೆಂದು ಅವರು ತೀರ್ಮಾನಿಸುತ್ತಾರೆ. ಈ ತೀರ್ಮಾನವೇ ಅಪಾಯಕಾರಿ.

ಬಹುಪಾಲು ಗಂಟಲು ನೋವಿಗೆ ವೈರಾಣುಗಳು ಕಾರಣ. ಅವುಗಳ ಮೇಲೆ ಯಾವ ಆಂಟಿಬಯೋಟಿಕ್ ಕೂಡ ಕೆಲಸ ಮಾಡದು. ಬ್ಯಾಕ್ಟೀರಿಯಾಗಳಲ್ಲಿ ಪ್ರಮುಖವಾದುದು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್. ಎಂಟು ದಶಕಗಳ ಬಳಕೆಯ ನಂತರವೂ ಇದು ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ. ಆದರೆ ಅಜಿತ್ರೊಮೈಸಿನ್ ವರ್ಗದ ಔಷಧಗಳಿಗೆ ಬಗ್ಗದ ಅದರ ತಳಿಗಳು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕಂಡುಬಂದಿವೆ. ಹಳೆಯ, ಅಗ್ಗದ ಮದ್ದೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಹಾಗಿದ್ದರೂ ಟಾನ್ಸಿಲ್ ಬೇನೆ ಏಕೆ ಮರುಕಳಿಸುತ್ತದೆ? ಟಾನ್ಸಿಲ್‌ಗಳ ಮೇಲ್ಮೈಯಲ್ಲಿ ಆಳವಾದ ಸಂದುಗಳಿವೆ. ಅಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಂಡು ಅದರ ಮರೆಯಲ್ಲಿ ನೆಲೆಸುತ್ತವೆ. ಔಷಧದ ಪ್ರಭಾವ ಅಲ್ಲಿ ಕುಂದುತ್ತದೆ. ದೀರ್ಘಕಾಲದ ಬೇನೆಯಲ್ಲಿ ಸ್ಟಫೈಲೊಕಾಕಸ್ ಆರಿಯಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ ಮುಂತಾದವೂ ಜೊತೆಗೂಡಿರುತ್ತವೆ. ಇವುಗಳ ಹಲವು ತಳಿಗಳು ಪೆನಿಸಿಲಿನ್ ಅನ್ನು ಒಡೆಯುವ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ನೆರೆಯ ಸ್ಟ್ರೆಪ್ಟೊಕಾಕಸ್‌ಗೂ ಅದರಿಂದ ರಕ್ಷಣೆ ದೊರೆಯಬಹುದು. ಆಗ ಕ್ಲಾವುಲಾನಿಕ್ ಆಮ್ಲ ಬೆರೆತ ಅಮಾಕ್ಸಿಸಿಲಿನ್ ಬೇಕಾದೀತು. ವರ್ಷದಲ್ಲಿ 7 ಬಾರಿ, ಅಥವಾ ಸತತ 2 ವರ್ಷ ತಲಾ 5 ಬಾರಿ, ಅಥವಾ 3 ವರ್ಷ ತಲಾ 3 ಬಾರಿ ತೀವ್ರ ಬೇನೆ ಬಂದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು ವೈದ್ಯಲೋಕದ ರೂಢಿ.

ಹಾಗೆಂದು ಉದಾಸೀನವೂ ಸಲ್ಲದು. ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸರಿಯಾದ ಚಿಕಿತ್ಸೆ ದೊರೆಯದಿದ್ದರೆ, ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಶಾಶ್ವತವಾಗಿ ಹಾಳಾಗಬಹುದು. ಹೀಗೆ ಕಿರಿದಾದ ಮಿಟ್ರಲ್ ಕವಾಟವನ್ನು ಬಲೂನ್ ಬಳಸಿ ಹಿಗ್ಗಿಸುವ ಚಿಕಿತ್ಸೆಗೆ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಹೆಸರಾಗಿದೆ. ಅಲ್ಲಿಗೆ ಹೋಗುವ ಪ್ರಮೇಯವನ್ನೇ ತಪ್ಪಿಸಬಲ್ಲದ್ದು ಸಕಾಲದಲ್ಲಿ ನುಂಗಿದ 10 ದಿನಗಳ ಪೆನಿಸಿಲಿನ್. ಎರಡನೇ ದಿನಕ್ಕೆ ನೋವು ಇಳಿಯಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಕೆಗೆ ಆಯ್ದುಕೊಂಡ ಉದಾಹರಣೆಯೂ ಗಂಟಲು ನೋವಿನದೇ: ತಾನೇ ಮದ್ದು ಕೊಂಡು ಅರೆಬರೆ ನುಂಗಿದವನು ರೋಗಾಣುಗಳಿಗೆ ಪ್ರತಿರೋಧ ಕಲಿಸುತ್ತಾನೆ; ಅದರ ಫಲವನ್ನು ಅವನ ಹೆಂಡತಿ ಉಣ್ಣುತ್ತಾಳೆ. ನಮ್ಮಲ್ಲಿ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಎಚ್‌1 ಅನುಸೂಚಿಯು ಹಲವು ಪ್ರಬಲ ಆಂಟಿಬಯೋಟಿಕ್‌ಗಳ ಮಾರಾಟವನ್ನು ದಾಖಲಿಸುವುದನ್ನು ಕಡ್ಡಾಯಗೊಳಿಸಿತು. ಆದರೆ ಕೊಳ್ಳುವವರೇ ಚೀಟಿಯಿಲ್ಲದೆ ಒತ್ತಾಯಿಸಿದರೆ ಕಾನೂನು ಎಷ್ಟನ್ನು ತಡೆದೀತು? ಬೇನೆ ಮರುಕಳಿಸಿದಾಗ ಕೇಳಬೇಕಾದದ್ದು ಇನ್ನೊಂದು ಮಾತ್ರೆಯನ್ನಲ್ಲ, ಗಂಟಲ ದ್ರವದ ಕಲ್ಚರ್ ಪರೀಕ್ಷೆಯನ್ನು. ಯಾವ ರೋಗಾಣು, ಅದು ಯಾವ ಮದ್ದಿಗೆ ಬಗ್ಗುತ್ತದೆ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ.