ಏರ್ಕಾಡಿನ ಮೆಣಸು ಹೇಳುವ ಚರಿತ್ರೆ

ಸೇಲಂ ಪೇಟೆಯಿಂದ ಇಪ್ಪತ್ತು ಕಡಿದಾದ ತಿರುವುಗಳನ್ನು ಹತ್ತಿದರೆ, ಸೇರ್ವರಾಯನ್ ಬೆಟ್ಟದ ಮೇಲೆ ಸುಮಾರು 1,500 ಮೀಟರ್ ಎತ್ತರದಲ್ಲಿ ಏರ್ಕಾಡ್ ಊರಿದೆ. ತಮಿಳಿನಲ್ಲಿ ಏರಿ ಎಂದರೆ ಕೆರೆ. ಕೆರೆಯ ಕಾಡೇ ಏರ್ಕಾಡ್. ಇಲ್ಲಿಯ ಗಿರಿಜನರನ್ನು 'ಮಲಯಾಳಿ'ಗಳೆಂದು ಕರೆಯುತ್ತಾರೆ. ನಮ್ಮ ಜಿಲ್ಲೆಯ ಓದುಗರು ತಪ್ಪು ತಿಳಿಯಬಾರದು. ಅವರಾಡುವುದು ತಮಿಳು, ಆ ಹೆಸರಿಗೆ ಮಲೆಯ ಜನ ಎಂದಷ್ಟೇ ಅರ್ಥ.

ಇಲ್ಲಿಯ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರಗಳಿಗೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿದೆ. ನಮ್ಮಲ್ಲಿ ಕಂಗಿಗೆ ಹಬ್ಬಿರುವುದೂ ಇದೇ ಬಳ್ಳಿ. ಐನೂರು ವರ್ಷಗಳ ಹಿಂದೆ ಲೋಕದ ವ್ಯಾಪಾರವೂ ಅದರ ಹಿಂದೆ ಅಧಿಕಾರವೂ ಕೈ ಬದಲಾದದ್ದು ಬಹುಮಟ್ಟಿಗೆ ಈ ಬಳ್ಳಿಯ ಕಾಳಿಗಾಗಿ.

ಯಜಮಾನನಿಲ್ಲದ ಕಡಲು

15ನೆಯ ಶತಮಾನದಲ್ಲಿ ಅರಬೀ ಸಮುದ್ರಕ್ಕೆ ಒಬ್ಬನೇ ಯಜಮಾನನಿರಲಿಲ್ಲ. ಕಲ್ಲಿಕೋಟೆಗೆ ಅರಬರು ಬರುತ್ತಿದ್ದರು, ಗುಜರಾತಿಗಳು ಬರುತ್ತಿದ್ದರು. 1405ರಿಂದ 1433ರ ತನಕ ಚೀನದ ಚೆಂಗ್ ಹೋ ಭಾರೀ ನೌಕಾಪಡೆಯೊಡನೆ ಏಳು ಯಾತ್ರೆ ನಡೆಸಿದನು. ಆ ಬಳಿಕ ಚೀನದ ಅರಸರೇ ಅದನ್ನು ನಿಲ್ಲಿಸಿಬಿಟ್ಟರು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನ ದಾರಿಯಾಗಿ ವಿಜಯನಗರಕ್ಕೆ ಹೋದನು. ನಮ್ಮ ಕರಾವಳಿಯ ಮೆಣಸು ಕೆಂಪು ಸಮುದ್ರ, ಈಜಿಪ್ತುಗಳನ್ನು ದಾಟಿ ವೆನಿಸ್ ಸೇರುತ್ತಿತ್ತು. ದಾರಿಯುದ್ದಕ್ಕೂ ಸುಂಕವಿತ್ತು, ನಿಜ. ಆದರೆ ಒಂದು ರೇವಿನಲ್ಲಿ ಕಿರುಕುಳವಾದರೆ ವರ್ತಕನು ಇನ್ನೊಂದು ರೇವನ್ನು ನೋಡಿಕೊಳ್ಳಬಹುದಾಗಿತ್ತು.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನು. ಪೋರ್ತುಗೀಸರು 1510ರಲ್ಲಿ ಗೋವೆ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೋರ್ಮುಜ್ ಹಿಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮೆಣಸು ಬೆಳೆಯುವ ಮಲೆಗಳು ಅವರಿಗೆ ಬೇಕಾಗಿರಲಿಲ್ಲ; ಬೇಕಾದುದು ಮೆಣಸು ಸಾಗುವ ದಾರಿ. ತಮ್ಮ 'ಕರ್ತಾಸ್' ಎಂಬ ರಹದಾರಿ ಚೀಟಿ ಇಲ್ಲದ ಹಡಗನ್ನು ಅವರು ಸೂರೆ ಮಾಡಿದರು. ಉಳ್ಳಾಲದ ಅಬ್ಬಕ್ಕ ಕಾದಿದ್ದು ಈ ದಬ್ಬಾಳಿಕೆಯ ವಿರುದ್ಧ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪರಂಗಿಯವರು 'ಮೆಣಸಿನ ರಾಣಿ' ಎಂದು ಕರೆದರು. 1565ರಲ್ಲಿ ವಿಜಯನಗರವು ಸೋತ ಮೇಲೆ ಕರಾವಳಿಯ ಅರಸರಿಗೆ ಬೆನ್ನಿಗೆ ನಿಲ್ಲುವ ದೊಡ್ಡ ಆಸರೆಯೂ ಇಲ್ಲವಾಯಿತು.

ಕಡಲಿನಿಂದ ಬೆಟ್ಟಕ್ಕೆ

ಪೋರ್ತುಗೀಸರ ಹಿಂದೆ ಡಚ್ಚರು, ಇಂಗ್ಲಿಷರು ಬಂದರು. ಕಡಲ ದಾರಿ ಹಿಡಿದವರು ಕಡೆಗೆ ನೆಲವನ್ನೂ ಹಿಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನಿಂದ ಸೇಲಂ, ಬಾರಾಮಹಲ್ ಸೀಮೆಗಳು ಕಂಪೆನಿಗೆ ಹೋದವು. 1799ರಲ್ಲಿ ನಮ್ಮ ಕನ್ನಡ ಜಿಲ್ಲೆಯೂ ಹೋಯಿತು. ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ ಎಂಬವನೇ ಇಲ್ಲಿಗೂ ಕಲೆಕ್ಟರನಾಗಿ ಬಂದನು. ಏರ್ಕಾಡಿನಲ್ಲಿ 1820ರ ದಶಕದಲ್ಲಿ ಕಾಫಿ ನೆಡಿಸಿದವನು ಸೇಲಮಿನ ಕಲೆಕ್ಟರ್ ಎಂ. ಡಿ. ಕಾಕ್‌ಬರ್ನ್. 15ನೆಯ ಶತಮಾನದಲ್ಲಿ ಯೆಮೆನಿನ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ಪಾನೀಯವು ಹೀಗೆ ಈ ಬೆಟ್ಟದ ಬೆಳೆಯಾಯಿತು.

ಇದರಲ್ಲಿ ನಮಗೇನು ಪಾಠ? ಬೆಳೆದವನಿಗಿಂತ ದಾರಿ ಹಿಡಿದವನೇ ದೊಡ್ಡವನಾದ ಎಂಬುದೇ ಪಾಠ. ಇಂದು ಲೋಕದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಯ ಫಸಲಿನ ಬಿಸಿ ಏರ್ಕಾಡಿನ ತೋಟಕ್ಕೂ ತಟ್ಟುತ್ತದೆ, ನಮ್ಮ ಬದಿಯಡ್ಕ, ಪೆರ್ಲದ ಅಂಗಳಕ್ಕೂ ತಟ್ಟುತ್ತದೆ. ಅಡಿಕೆಯ ಧಾರಣೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಕೇರಳಗಳ ಬೆಳೆಗಾರರು ಗಡಿಯನ್ನು ನೋಡದೆ ಕೂಡಿ ಕ್ಯಾಂಪ್ಕೊ ಕಟ್ಟಿದರು. ಅವರು ಹಿಡಿದದ್ದು ಮಾರುಕಟ್ಟೆಯ ದಾರಿಯನ್ನು. ಬಳ್ಳಿಗೆ ಗೊಬ್ಬರ ಹಾಕುವಷ್ಟೇ ಎಚ್ಚರವನ್ನು ಆ ದಾರಿಯ ಮೇಲೂ ನಾವು ಇಟ್ಟುಕೊಳ್ಳಬೇಕು.